ಗರ್ಭಿಣಿ ಹೆಂಗಸರೂ ತೋಟದ ಕೂಲಿಯೂ

ಕೋಲಾರದ ಚಿನ್ನದ ಗಣಿಗಳು 2001ನೆಯ ಇಸವಿ ಫೆಬ್ರವರಿಯಲ್ಲಿ ಮುಚ್ಚಲ್ಪಟ್ಟ ಮೇಲೆ ಅಲ್ಲಿಯ ಅನೇಕ ಕುಟುಂಬಗಳ ಜೀವನವು ಬೆಳಗಿನ ರೈಲನ್ನೇ ಅವಲಂಬಿಸಿತು. ಮಾರಿಕುಪ್ಪಂನಿಂದ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗಿ ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರಿಗೆ ಕಾನೂನಿನ ಆಸರೆಯುಂಟು. 1961ರ ಪ್ರಸೂತಿ ಸೌಲಭ್ಯ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯು ಮೊದಲ ಎರಡು ಮಕ್ಕಳ ಪ್ರಸೂತಿಗೆ ಸಂಬಳಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು; 50 ಮಂದಿಗೆ ಕಡಮೆಯಿಲ್ಲದೆ ದುಡಿಯುವೆಡೆ ಶಿಶುಪಾಲನಾ ಗೃಹವನ್ನೂ ವಿಧಿಸಿತು. ಕಾಗದದ ಮೇಲಿನ ಹಕ್ಕು ಎಲ್ಲೆಡೆಯೂ ಕೈಗೆ ಸಿಕ್ಕುವುದಿಲ್ಲವೆಂಬುದು ಬೇರೆ ಮಾತು.

ಬಂಗಾರಪೇಟೆ ಸೀಮೆಯ ಟೊಮಾಟೊ ತೋಟಕ್ಕೆ ದಿನಗೂಲಿಯಾಗಿ ಬರುವವಳಿಗಾದರೋ ಆ ರಜೆಯೂ ಇಲ್ಲ. ಅವಳಿಗೆ ಆಸರೆಯಾಗತಕ್ಕವನು ತೋಟದ ಯಜಮಾನನೇ. ಔಷಧಿ ಹೊಡೆಯುವ ದಿನ ಗರ್ಭಿಣಿಯನ್ನಾಗಲಿ ಹಾಲೂಡಿಸುವ ತಾಯಿಯನ್ನಾಗಲಿ ಆ ತೋಟಕ್ಕೆ ಕರೆಯಲಾಗದು. ಕೀಟನಾಶಕವನ್ನು ಕಲಸುವುದು, ಪಂಪು ತೊಳೆಯುವುದು ಅವರ ಪಾಲಿಗೆ ಬೀಳಕೂಡದು. ತುಂಬಿದ ಪೆಟ್ಟಿಗೆಯನ್ನು ಹೊರಿಸುವುದಕ್ಕೆ ಬದಲಾಗಿ ನೆರಳಿನಲ್ಲಿ ಕುಳಿತು ಹಣ್ಣು ವಿಂಗಡಿಸುವ ಕೆಲಸ ಕೊಡಬಹುದು. ಕೂಲಿಯನ್ನು ಮಾತ್ರ ಮುರಿಯಬಾರದು.

2017ರಲ್ಲಿ ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯು ಗರ್ಭಿಣಿಯರಿಗೂ ಬಾಣಂತಿಯರಿಗೂ ಮಧ್ಯಾಹ್ನದ ಬಿಸಿಯೂಟವನ್ನು ಅಂಗನವಾಡಿಯಲ್ಲಿಯೇ ಬಡಿಸಲು ಏರ್ಪಟ್ಟಿತು. ತೋಟ ಬಿಟ್ಟು ಹೋಗಿಬರಲು ಒಂದು ಗಂಟೆಯ ಬಿಡುವಿಲ್ಲದವಳಿಗೆ ಆ ಊಟ ದಕ್ಕದು. ಆ ಗಂಟೆಯ ಕೂಲಿಯನ್ನು ಹಿಡಿದುಕೊಂಡರೂ ಹಾಗೆಯೇ.