ಟೋಲ್ ಕಟ್ಟದವರು ಎಷ್ಟು ಮಂದಿ?

ದಕ್ಷಿಣ ಆಫ್ರಿಕಾದ ಗೌಟೆಂಗ್ ಪ್ರಾಂತದ ಹೆದ್ದಾರಿಗಳಲ್ಲಿ 2013ರ ಡಿಸೆಂಬರ್ 3ರಂದು ಇ-ಟೋಲ್ ಶುರುವಾಯಿತು. ನಮ್ಮ ಫಾಸ್ಟ್ಯಾಗ್ ನಾಕಾಗಳಂತೆ ಅಲ್ಲಿ ಅಡ್ಡಗಂಬವಿರಲಿಲ್ಲ. ತಲೆಯ ಮೇಲಿನ ಕಮಾನಿನ ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತಿತ್ತು, ಬಿಲ್ಲು ಆಮೇಲೆ ಬರುತ್ತಿತ್ತು. ಬಹಳಷ್ಟು ಜನ ಕಟ್ಟಲೇ ಇಲ್ಲ. ಎಷ್ಟು ಜನ ಎಂಬುದಕ್ಕೆ ರಸ್ತೆ ಸಂಸ್ಥೆ ಸ್ಯಾನ್ರಾಲ್ ಒಂದು ಲೆಕ್ಕ ಕೊಟ್ಟರೆ, ವಿರೋಧಿ ಸಂಘಟನೆ ಔಟಾ ಇನ್ನೊಂದು ಕೊಡುತ್ತಿತ್ತು. ಯಾರೂ ಸುಳ್ಳು ಹೇಳದೆಯೂ ಹೀಗಾಗಬಹುದು. ಒಂದು ಕಲ್ಪಿತ ಲೆಕ್ಕ ನೋಡಿ: ಕಂಪನಿಯ 10 ಲಾರಿಗಳು ದಿನಕ್ಕೆ ತಲಾ 18 ಬಾರಿ ದಾಟಿ ತಪ್ಪದೆ ಹಣ ಕಟ್ಟುತ್ತವೆ, 90 ಖಾಸಗಿ ಕಾರುಗಳು ಎರಡೆರಡು ಬಾರಿ ದಾಟಿ ಬಿಡಿಗಾಸೂ ಕಟ್ಟುವುದಿಲ್ಲ. ದಾಟಿದ್ದನ್ನು ಎಣಿಸಿದರೆ ಪಾವತಿ ಅರ್ಧಕ್ಕರ್ಧ. ವಾಹನ ಎಣಿಸಿದರೆ ನೂರಕ್ಕೆ ಬರೀ ಹತ್ತು!

ಕ್ಯಾಮೆರಾ ಎಲ್ಲವನ್ನೂ ದಾಖಲಿಸುವಾಗ ಅಂದಾಜೇಕೆ ಎನ್ನಬಹುದು. ಕ್ಯಾಮೆರಾ ಕಾಣುವುದು ಪ್ಲೇಟನ್ನು, ಮನಸ್ಸನ್ನಲ್ಲ. ವಿಳಾಸ ಬದಲಾಗಿ ಬಿಲ್ಲು ತಲುಪದವರೂ ನಕಲಿ ಪ್ಲೇಟಿನವರೂ ಹಟ ಹಿಡಿದು ಪ್ರತಿಭಟಿಸಿದವರೂ ಬಾಕಿಪಟ್ಟಿಯಲ್ಲಿ ಒಂದೇ ಸಾಲು. ಹಾಗಾಗಿ ಯಾರನ್ನು ಎಣಿಸಿದ್ದು, ಛೇದ ಯಾವುದು ಎಂದು ಹೇಳದ ಶೇಕಡಾವಾರು, ನನ್ನ ಮಟ್ಟಿಗೆ, ಅಂಕಿಯೇ ಅಲ್ಲ. 2024ರ ಏಪ್ರಿಲ್‌ನಲ್ಲಿ ಗೌಟೆಂಗ್‌ನ ಇ-ಟೋಲ್ ನಿಂತೇಹೋಯಿತು.