'ನಾನು' ಎಂಬವನು ಎಲ್ಲಿಂದ ಬಂದ?

ನವಲಗುಂದದ ಅಜಾತ ನಾಗಲಿಂಗಸ್ವಾಮಿಗಳ ಮಠದಲ್ಲಿ ತೂತು ಬಿದ್ದ ಒಂದು ಬೈಬಲ್ ಇದೆ. 19ನೆಯ ಶತಮಾನದಲ್ಲಿ ಕ್ರೈಸ್ತನೊಬ್ಬ ತಂದು ತೋರಿಸಿದ ಆ ಗ್ರಂಥಕ್ಕೆ ಅಜ್ಜನವರು ಮೊಳೆ ಬಡಿದರೆಂದೂ ಆ ತೂತು ತಾನಾಗಿಯೇ ಮುಚ್ಚಿಕೊಳ್ಳುತ್ತ ಬಂದಿದೆಯೆಂದೂ ಭಕ್ತರು ಹೇಳುತ್ತಾರೆ. ಮೊಳೆ ಬಡಿಸಿಕೊಂಡ ಪುಸ್ತಕ ಬೆಂಕಿಗೆ ಬೀಳದೆ ಮಠದಲ್ಲಿಯೇ ಜೋಪಾನವಾಗಿ ಉಳಿಯಿತೆಂಬುದು ನಮ್ಮ ಕಡೆಯ ಸ್ವಭಾವಕ್ಕೆ ತಕ್ಕದ್ದೇ ಆಗಿದೆ.

ಆ ಕಾಲದಲ್ಲಿ ಈ ಭಾಗದ ಊರುಗಳಲ್ಲಿ ಬೈಬಲ್ ಹಿಡಿದು ತಿರುಗುತ್ತಿದ್ದವರು ಬಾಸೆಲ್ ಮಿಶನ್‌ದವರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಅವರು 1837ಕ್ಕೆ ಧಾರವಾಡದಲ್ಲಿ, 1839ಕ್ಕೆ ಹುಬ್ಬಳ್ಳಿಯಲ್ಲಿ ನೆಲೆ ಮಾಡಿದರು. ಅವರು ಪ್ರಾಟೆಸ್ಟಂಟರು. ಧರ್ಮಗ್ರಂಥವನ್ನು ಪ್ರತಿಯೊಬ್ಬನೂ ತನ್ನ ತಾಯ್ನುಡಿಯಲ್ಲಿ ತಾನೇ ಓದಿ ತಿಳಿಯಬೇಕೆಂಬುದು ಲೂಥರನಿಂದ ಬಂದ ಅವರ ನಿಲುವು. ವಚನಕಾರರ ನಾಡಿನವರಾದ ನಮಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಇಂದಿನ ಪಾಶ್ಚಾತ್ಯ ಜೀವನದ ಅನೇಕ ತಾಪತ್ರಯಗಳ ಬೇರು ಇಲ್ಲಿಯೇ ಇದೆ, ಈ 'ತಾನೇ' ಎಂಬ ಮಾತಿನಲ್ಲಿಯೇ ಇದೆ ಎಂದು ವಾದಿಸುವ ದೊಡ್ಡದೊಂದು ವಿಚಾರ ಪರಂಪರೆಯಿದೆ. ಅದು ಕ್ಯಾಥೊಲಿಕ್ ಚಿಂತಕರದು.

ಆ ವಾದವನ್ನು ಬಹಳ ತೀಕ್ಷ್ಣವಾಗಿ ಮಂಡಿಸಿದವನು ಫ್ರಾನ್ಸಿನ ಜಾಕ್ ಮಾರಿತೇನ್ (1882-1973). ಅವನ ಬದುಕೇ ಒಂದು ಕಥೆ. ಪ್ಯಾರಿಸಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವನೂ ಅವನ ಗೆಳತಿ ರೈಸಾಳೂ ಒಂದು ನಿಶ್ಚಯಕ್ಕೆ ಬಂದಿದ್ದರು: ಬದುಕಿಗೆ ಅರ್ಥವಿದೆಯೆಂದು ಯಾರಾದರೂ ತೋರಿಸಿಕೊಡದಿದ್ದರೆ ಇಬ್ಬರೂ ಪ್ರಾಣ ಬಿಡುವುದು. ವಿಶ್ವವಿದ್ಯಾಲಯದಲ್ಲಿ ಅವರಿಗೆ ಸಿಕ್ಕ ವಿಜ್ಞಾನ, ತತ್ತ್ವಜ್ಞಾನಗಳು ಆ ಪ್ರಶ್ನೆಗೆ ಬಾಯಿ ಬಿಡಲಿಲ್ಲ. ಆಗ ಅವರನ್ನು ಉಳಿಸಿದ್ದು ಬರ್ಗ್‌ಸನ್ ಎಂಬ ತತ್ತ್ವಜ್ಞಾನಿಯ ಉಪನ್ಯಾಸಗಳು. 1906ರಲ್ಲಿ ಇಬ್ಬರೂ ಕ್ಯಾಥೊಲಿಕರಾದರು. ಮುಂದೆ ಕೆಲವೇ ವರ್ಷಗಳಲ್ಲಿ ಮಾರಿತೇನ್ ತನ್ನ ಪ್ರಾಣ ಉಳಿಸಿದ ಬರ್ಗ್‌ಸನ್ನನ ಮೇಲೆಯೇ ಖಂಡನ ಗ್ರಂಥ ಬರೆದ. 1914ರಲ್ಲಿ ಚರ್ಚು ಬರ್ಗ್‌ಸನ್ನನ ಮೂರು ಪುಸ್ತಕಗಳನ್ನು ನಿಷೇಧಿಸಿತು. ಗುರುವಿನ ಋಣ ತೀರಿಸುವ ಈ ಬಗೆ ನಮಗೆ ಸ್ವಲ್ಪ ವಿಚಿತ್ರವೆನಿಸುತ್ತದೆ.

1925ರಲ್ಲಿ ಅವನು ಬರೆದ 'ಮೂವರು ಸುಧಾರಕರು' ಎಂಬ ಪುಸ್ತಕದಲ್ಲಿ ಆರೋಪಿಗಳು ಮೂವರು. ಒಬ್ಬ ಲೂಥರ್, ಇನ್ನೊಬ್ಬ ದೆಕಾರ್ತ್, ಮೂರನೆಯವನು ರೂಸೋ. ಲೂಥರ್ ಧರ್ಮದಲ್ಲಿ, ದೆಕಾರ್ತ್ ಜ್ಞಾನದಲ್ಲಿ, ರೂಸೋ ನೀತಿಯಲ್ಲಿ 'ನಾನು' ಎಂಬುದನ್ನು ನಡುಮನೆಗೆ ತಂದು ಕೂರಿಸಿದರು ಎಂಬುದು ಅವನ ದೂರಿನ ತಿರುಳು. ಇವರಲ್ಲಿ ದೆಕಾರ್ತನದೇ ಮುಖ್ಯ ಪಾತ್ರ.

ದೆಕಾರ್ತ್ (1596-1650) ನಾಸ್ತಿಕನೇನೂ ಅಲ್ಲ. ಜೆಸುಯಿಟ್ ಪಾದ್ರಿಗಳ ಶಾಲೆಯಲ್ಲಿ ಕಲಿತು, ಕೊನೆಯವರೆಗೆ ಕ್ಯಾಥೊಲಿಕನಾಗಿಯೇ ಉಳಿದವನು. ಖಚಿತವಾದ ಜ್ಞಾನ ಯಾವುದೆಂದು ಹುಡುಕುತ್ತ ಅವನು ಕಣ್ಣಿಗೆ ಕಾಣುವುದನ್ನು, ಕಲಿತುಕೊಂಡದ್ದನ್ನು, ಗಣಿತವನ್ನೂ ಕೂಡ ಸಂದೇಹಿಸಿ ನೋಡಿದ. ಎಲ್ಲವನ್ನೂ ಸಂದೇಹಿಸಿದ ಮೇಲೂ ಸಂದೇಹಿಸುವವನೊಬ್ಬ ಇರಲೇಬೇಕಲ್ಲ? ಆ ಒಬ್ಬನೇ ಅವನಿಗೆ ಸಿಕ್ಕ ಗಟ್ಟಿ ನೆಲ. 1637ರಲ್ಲಿ ಈ ವಿಚಾರವನ್ನು ಅವನು ಪಂಡಿತರ ಲ್ಯಾಟಿನ್ ಬಿಟ್ಟು ಜನರ ಫ್ರೆಂಚಿನಲ್ಲಿ ಬರೆದ. ದೇವರೂ ಜಗತ್ತೂ ಇವೆಯೆಂದು ಅವನು ಮುಂದೆ ಸಾಧಿಸಿ ತೋರಿಸಿದನೇನೋ ನಿಜ. ಆದರೆ ಕ್ಯಾಥೊಲಿಕ್ ಟೀಕಾಕಾರರು ಹಿಡಿಯುವುದು ಅವನು ಹೊರಟ ಜಾಗವನ್ನು. ಅದಕ್ಕೂ ಮುಂಚೆ, ಸಂತ ಥಾಮಸ್ ಅಕ್ವೈನಸ್‌ನ (ಮರಣ 1274) ಕ್ರಮದಲ್ಲಿ, ಮೊದಲು ಇರುವುದು ಜಗತ್ತು, ಅದರೊಳಗೆ ನಾನು, ಎರಡಕ್ಕೂ ಮೂಲವಾಗಿ ದೇವರು. ದೆಕಾರ್ತನ ಮನೆಯಲ್ಲಿ ಈ ಕ್ರಮ ತಲೆಕೆಳಗಾಯಿತು. 'ನಾನು' ಯಜಮಾನನಾದ, ದೇವರು ಅವನ ವಾದದಲ್ಲಿ ಬಂದುಹೋಗುವ ಒಂದು ಮೆಟ್ಟಿಲಾದ. 2005ರಲ್ಲಿ ತೀರಿಕೊಂಡ ಪೋಪ್ ಎರಡನೆಯ ಜಾನ್ ಪಾಲ್ ತಮ್ಮ ಕೊನೆಯ ಪುಸ್ತಕದಲ್ಲಿಯೂ ಇದೇ ಜಾಗಕ್ಕೆ ಬೆರಳಿಟ್ಟು ತೋರಿಸಿದ್ದರು.

ಇಲ್ಲಿ ನಮ್ಮ ಓದುಗರಿಗೆ ಕನಕದಾಸರ ಪ್ರಸಂಗ ನೆನಪಾಗದೆ ಇರದು. ವ್ಯಾಸರಾಯರ ಸಭೆಯಲ್ಲಿ ಮೋಕ್ಷಕ್ಕೆ ಹೋಗುವವರಾರೆಂಬ ಪ್ರಶ್ನೆ ಬಂದಾಗ, 'ನಾನು' ಎಂಬುದು ಹೋದರೆ ತಾನು ಹೋಗಬಹುದೆಂದು ಕನಕರು ಉತ್ತರಿಸಿದರಂತೆ. ದೆಕಾರ್ತನಿಗೆ ಎಲ್ಲ ಹೋದರೂ ಹೋಗದೆ ಉಳಿಯುವುದು 'ನಾನು'; ಕನಕರಿಗೆ ಮೊದಲು ಹೋಗಬೇಕಾದದ್ದೇ ಅದು. ಹಾಗೆಂದು ಕ್ಯಾಥೊಲಿಕರು ಕನಕರ ಪಕ್ಷದವರೆಂದು ತಿಳಿಯಬಾರದು. 'ನಾನು' ಕರಗಿಹೋಗಬೇಕೆಂದು ಅವರು ಹೇಳುವುದಿಲ್ಲ. ಅದು ದೇವರು ಸೃಷ್ಟಿಸಿದ್ದು, ನೆರೆಯವನೊಡನೆ ನಂಟು ಉಳ್ಳದ್ದು, ತನಗೆ ತಾನೇ ಮೂಲವಲ್ಲ ಎಂಬಷ್ಟೇ ಅವರ ಮಾತು.

ರೂಸೋನದು ಬೇಗ ಹೇಳಿ ಮುಗಿಸಬಹುದು. ಮನುಷ್ಯ ಹುಟ್ಟಿನಿಂದ ಒಳ್ಳೆಯವನು, ಸಮಾಜವೇ ಅವನನ್ನು ಕೆಡಿಸಿತು ಎಂದ ಮೇಲೆ ಪಾಪ, ಪಶ್ಚಾತ್ತಾಪಗಳಿಗೆ ಕೆಲಸ ಉಳಿಯಲಿಲ್ಲ. ಮನಸ್ಸಿನ ಪ್ರಾಮಾಣಿಕತೆಯೇ ನೀತಿಯಾಯಿತು. 1762ರಲ್ಲಿ ಬಂದ ಅವನ 'ಎಮಿಲ್' ಅದೇ ವರ್ಷ ನಿಷಿದ್ಧ ಗ್ರಂಥಗಳ ಪಟ್ಟಿಗೆ ಸೇರಿತು.

ಕಾಂಟ್‌ನ ವಿಷಯ ಹೆಚ್ಚು ಸೂಕ್ಷ್ಮ. 1781ರ ತನ್ನ ಮಹಾಗ್ರಂಥದಲ್ಲಿ ಆ ಜರ್ಮನ್ ತತ್ತ್ವಜ್ಞಾನಿ ನಮ್ಮ ಶುದ್ಧ ಬುದ್ಧಿಯ ಗಡಿಯನ್ನು ಗುರುತಿಸಿದ. ಅನುಭವಕ್ಕೆ ಸಿಗುವುದನ್ನು ಬುದ್ಧಿ ಅರಿಯಬಲ್ಲದು; ದೇವರು, ಆತ್ಮ ಮುಂತಾದವನ್ನು ಅದು ಸಾಧಿಸಲೂ ಆರದು, ನಿರಾಕರಿಸಲೂ ಆರದು. ಶ್ರದ್ಧೆಗೆ ಜಾಗ ಬಿಡುವುದು ತನ್ನ ಉದ್ದೇಶವೆಂದೇ ಅವನು ಹೇಳಿಕೊಂಡ. ಆದರೆ 2006ರ ಸೆಪ್ಟೆಂಬರಿನಲ್ಲಿ ರೇಗನ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾತಾಡಿದ ಪೋಪ್ ಹದಿನಾರನೆಯ ಬೆನೆಡಿಕ್ಟ್ ಈ ಉಪಕಾರ ತಮಗೆ ಬೇಡವೆಂಬಂತೆ ವಾದಿಸಿದರು. (ಇಸ್ಲಾಮಿನ ಕುರಿತ ಹಳೆಯ ಉಲ್ಲೇಖವೊಂದರಿಂದ ಆ ಭಾಷಣ ಜಗತ್ತಿನಲ್ಲೆಲ್ಲ ಗದ್ದಲವೆಬ್ಬಿಸಿತು, ಅದರ ಮುಖ್ಯ ವಿಷಯವನ್ನು ಓದಿದವರು ಕಡಿಮೆ.) ಅಳೆಯಲು, ಪ್ರಯೋಗಿಸಲು ಬರುವುದಷ್ಟೇ ಬುದ್ಧಿಯ ಕ್ಷೇತ್ರವೆಂದು ಒಪ್ಪಿಕೊಂಡರೆ, ನ್ಯಾಯ ಅನ್ಯಾಯದ ಪ್ರಶ್ನೆಗಳು ಅವರವರ ರುಚಿಗೆ ಬಿಟ್ಟ ವಿಷಯಗಳಾಗುತ್ತವೆ, ಬುದ್ಧಿಯನ್ನು ಕುಗ್ಗಿಸಬೇಡಿ, ಹಿಗ್ಗಿಸಿ ಎಂಬುದು ಅವರ ಕೇಳಿಕೆಯಾಗಿತ್ತು.

ಇದು ಒಣ ತರ್ಕವೆನಿಸಿದರೆ ನವಲಗುಂದದ ಹೊಲಕ್ಕೇ ಬರೋಣ. ಮಲಪ್ರಭಾ ಕಾಲುವೆಯಲ್ಲಿ ಎಷ್ಟು ಕ್ಯೂಸೆಕ್ ನೀರು ಹರಿಯುತ್ತದೆಂಬುದನ್ನು ಇಂಜಿನಿಯರರು ಲೆಕ್ಕ ಹಾಕಿ ಹೇಳಬಲ್ಲರು. ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟದಿದ್ದಾಗಲೂ ಆ ರೈತನಿಂದ ಬೆಟರ್‌ಮೆಂಟ್ ಲೆವಿ ಎಂಬ ಕರ ಕೇಳುವುದು ನ್ಯಾಯವೇ ಎಂಬುದಕ್ಕೆ ಅವರ ಲೆಕ್ಕದ ಪುಸ್ತಕದಲ್ಲಿ ಉತ್ತರವಿಲ್ಲ. 1980ರ ಜುಲೈಯಲ್ಲಿ ಇಲ್ಲಿಯ ರೈತರು ಬೀದಿಗಿಳಿದು ಗುಂಡೇಟು ತಿಂದದ್ದು ಈ ಎರಡನೆಯ ಪ್ರಶ್ನೆಗಾಗಿ. ಅದನ್ನು ಬರೀ ಭಾವನೆಯ ಮಾತೆಂದು ತಳ್ಳಿಹಾಕಲು ಯಾರಿಗೆ ಸಾಧ್ಯ? ಇಷ್ಟರ ಮಟ್ಟಿಗೆ ಬೆನೆಡಿಕ್ಟರ ವಾದ ನನಗೆ ಸರಿಯೆಂದೇ ತೋರುತ್ತದೆ.

ಚರ್ಚು ಈ ತತ್ತ್ವಜ್ಞಾನಿಗಳನ್ನು ಎದುರಿಸಿದ ಬಗೆ ಮಾತ್ರ ಬಹುಕಾಲ ವಾದದ್ದಾಗಿರಲಿಲ್ಲ, ಬೀಗದ್ದಾಗಿತ್ತು. 1559ರಿಂದ 1966ರವರೆಗೆ ನಿಷಿದ್ಧ ಗ್ರಂಥಗಳ ಪಟ್ಟಿಯೊಂದು ಜಾರಿಯಲ್ಲಿತ್ತು. 1663ರಲ್ಲಿ ದೆಕಾರ್ತ್, 1827ರಲ್ಲಿ ಕಾಂಟ್, 1948ರಲ್ಲಿ ಸಾರ್ತ್ರ್ ಅದಕ್ಕೆ ಸೇರಿದರು. ಸೋಜಿಗವೆಂದರೆ ಮಾರ್ಕ್ಸ್ ಮತ್ತು ನೀಚೆಯರ ಹೆಸರು ಆ ಪಟ್ಟಿಯಲ್ಲಿ ಕಾಣುವುದಿಲ್ಲ. ಇಟಲಿಯ ರೋಸ್ಮಿನಿ ಎಂಬ ಪಾದ್ರಿಯ ಎರಡು ಪುಸ್ತಕಗಳು 1849ರಲ್ಲಿ ನಿಷೇಧಗೊಂಡವು; 1998ರಲ್ಲಿ ಪೋಪರೇ ಅವನ ಹೆಸರನ್ನು ಆದರ್ಶ ಚಿಂತಕರ ಸಾಲಿನಲ್ಲಿ ಸೇರಿಸಿದರು; 2007ರಲ್ಲಿ ಅವನಿಗೆ ಪುಣ್ಯವಂತನ ಪದವಿಯೂ ದೊರೆಯಿತು.

ಬೀಗದ ಜೊತೆಗೆ ಪಾಠವೂ ಬೇಕೆಂದು ಕಂಡುಕೊಂಡವರು ಹದಿಮೂರನೆಯ ಲಿಯೋ. 1879ರ ಆಗಸ್ಟಿನಲ್ಲಿ ಹೊರಡಿಸಿದ ಪರಿಪತ್ರದಲ್ಲಿ ಅವರು ಅಕ್ವೈನಸ್‌ನ ತತ್ತ್ವಶಾಸ್ತ್ರವನ್ನು ಮತ್ತೆ ಶಾಲೆಗಳಿಗೆ ತರಬೇಕೆಂದು ಕರೆಕೊಟ್ಟರು. ಅದೇ ವರ್ಷ ಮಂಗಳೂರಿನಲ್ಲಿ ಇಟಲಿಯ ಜೆಸುಯಿಟರು ಪಾದ್ರಿಗಳ ತರಬೇತಿಗಾಗಿ ಸಂತ ಜೋಸೆಫರ ಸೆಮಿನರಿ ತೆರೆದರು. ಜೆಪ್ಪುವಿನಲ್ಲಿ ಅದು ಇಂದಿಗೂ ಇದೆ. ಪಾದ್ರಿಯಾಗುವವನು ದೇವತಾಶಾಸ್ತ್ರಕ್ಕೆ ಮೊದಲು ತತ್ತ್ವಶಾಸ್ತ್ರ ಕಲಿಯಬೇಕೆಂಬುದು ನಿಯಮ. ಹೀಗೆ ಯುರೋಪಿನ ಈ ಜಗಳ ಕರಾವಳಿಯ ಪಾಠದ ಕೊಠಡಿಗೂ ಬಂದಿತು.

ಆದರೆ ಕನ್ನಡಿಗರ ಮನಸ್ಸಿಗೆ ಆಧುನಿಕ 'ನಾನು' ಬಂದದ್ದು ಬೇರೆ ದಾರಿಯಿಂದ, ನವ್ಯ ಸಾಹಿತ್ಯದಿಂದ. ಸಾರ್ತ್ರ್, ಕಾಮೂ ಅವರನ್ನು ನಮ್ಮ ಲೇಖಕರು ಇಂಗ್ಲಿಷಿನಲ್ಲಿ ಓದಿದರು. ಮನುಷ್ಯನಿಗೆ ಮೊದಲೇ ಗೊತ್ತಾದ ಸ್ವಭಾವವೆಂಬುದಿಲ್ಲ, ತನ್ನ ಆಯ್ಕೆಗಳಿಂದ ತನ್ನನ್ನು ತಾನೇ ಮಾಡಿಕೊಳ್ಳುತ್ತಾನೆ ಎಂಬ ಸಾರ್ತ್ರನ ಮಾತು ಆ ತಲೆಮಾರಿಗೆ ಮಂತ್ರದಂತಿತ್ತು. ಶಾಂತಿನಾಥ ದೇಸಾಯಿಯವರ 'ಮುಕ್ತಿ' 1961ರಲ್ಲಿ, ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಬಂದವು. ಅಗ್ರಹಾರದ ಪ್ರಾಣೇಶಾಚಾರ್ಯರು ಶಾಸ್ತ್ರ ಗ್ರಂಥಗಳಲ್ಲಿ ಉತ್ತರ ಹುಡುಕಿ ಸಿಗದೆ ಕೊನೆಗೆ ತಮ್ಮ ಆಯ್ಕೆಯೊಂದಿಗೆ ಒಬ್ಬರೇ ನಿಲ್ಲುತ್ತಾರಲ್ಲ, ಆ ಒಂಟಿತನವೇ ಮಾರಿತೇನ್ ದೂರಿದ 'ನಾನು'. ಅವನು ಅದನ್ನು ರೋಗವೆಂದ. ಆದರೆ ಜಾತಿಯ ಕಟ್ಟಿನಲ್ಲಿ ಉಸಿರುಗಟ್ಟಿದ್ದ ನಮ್ಮ ಓದುಗರಿಗೆ ಅದು ಕಿಟಕಿ ತೆರೆದಂತಾಯಿತು.

ಕ್ಯಾಥೊಲಿಕ್ ವಿಮರ್ಶೆ ನಮ್ಮ ನೆಲದಲ್ಲಿ ಎಡವುವುದು ಇಲ್ಲಿಯೇ. 1948ರ ನವೆಂಬರ್ 4ರಂದು ಸಂವಿಧಾನ ರಚನಾ ಸಭೆಯಲ್ಲಿ ಅಂಬೇಡ್ಕರರು, ಕರಡು ಸಂವಿಧಾನ ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವನ್ನಾಗಿ ಹಿಡಿದದ್ದಕ್ಕೆ ಸಂತೋಷ ಸೂಚಿಸಿದರು. ಕೇರಿಯ ಮನುಷ್ಯನಿಗೆ ಊರ ಬಾವಿಯ ನೀರು ಮುಟ್ಟಲು ಬಿಡದವರು ದೆಕಾರ್ತನನ್ನು ಓದಿದವರಲ್ಲ. 'ಸಮುದಾಯ', 'ಸಂಪ್ರದಾಯ' ಎನ್ನುತ್ತಿದ್ದವರು. 'ನಾನು' ಎನ್ನುವ ಹಕ್ಕು ಎಂದೂ ಸಿಗದವನಿಗೆ ಅಹಂಕಾರದ ಕೇಡನ್ನು ಬೋಧಿಸುವುದು ಹೊಟ್ಟೆ ತುಂಬಿದವನು ಉಪವಾಸದ ಮಹಿಮೆ ಹೇಳಿದಂತೆ. ಚರ್ಚು ಕೂಡ ಈ ವಿಷಯದಲ್ಲಿ ತಡವಾಗಿ ಎಚ್ಚೆತ್ತಿತು. 1864ರಲ್ಲಿ ಪೋಪ್ ಒಂಬತ್ತನೆಯ ಪಯಸ್ ಪ್ರಕಟಿಸಿದ ಎಂಬತ್ತು 'ತಪ್ಪು'ಗಳ ಪಟ್ಟಿಯಲ್ಲಿ, ಪ್ರತಿಯೊಬ್ಬನೂ ತನ್ನ ಬುದ್ಧಿಗೆ ನಿಜವೆನಿಸಿದ ಧರ್ಮವನ್ನು ಅನುಸರಿಸಲು ಸ್ವತಂತ್ರನೆಂಬುದೂ ಒಂದು. 1965ರಲ್ಲಿ ಎರಡನೆಯ ವ್ಯಾಟಿಕನ್ ಸಭೆ ಧಾರ್ಮಿಕ ಸ್ವಾತಂತ್ರ್ಯವನ್ನು ಮನುಷ್ಯನ ಹಕ್ಕೆಂದು ಒಪ್ಪಿತು. ನಡುವೆ ನೂರೊಂದು ವರ್ಷ! ಆ ಅವಧಿಯಲ್ಲಿ ಈ ಮಾತನ್ನು ಹಿಡಿದು ನಿಂತವರು ಪಟ್ಟಿಯಲ್ಲಿದ್ದ ತತ್ತ್ವಜ್ಞಾನಿಗಳ ಶಿಷ್ಯರೇ.

ಮಾರಿತೇನ್ ಕೂಡ ಬದಲಾದ. ಅವನು ಮಾನವ ಹಕ್ಕುಗಳ ಸಮರ್ಥಕನಾಗಿ 1947ರಲ್ಲಿ ಯುನೆಸ್ಕೋದ ಚರ್ಚೆಗಳಲ್ಲಿ ಪಾಲ್ಗೊಂಡ. ಎರಡನೆಯ ಜಾನ್ ಪಾಲ್ ಪೋಪರಾಗುವ ಮುಂಚೆ ಜರ್ಮನಿಯ ಮ್ಯಾಕ್ಸ್ ಶೆಲರ್‌ನ ಮೇಲೆ ಪ್ರಬಂಧ ಬರೆದವರು. ವ್ಯಕ್ತಿಯನ್ನು ಬಳಸುವ ಸಾಧನವೆಂದು ಕಾಣಬಾರದೆಂಬ ತಮ್ಮ ನೀತಿಯ ತಿರುಳನ್ನು ಅವರು ತೆಗೆದುಕೊಂಡದ್ದು ಕಾಂಟ್‌ನಿಂದ. ವೈರಿಯ ಬಾವಿಯ ನೀರು ಸಿಹಿಯಾಗಿತ್ತು.

1998ರ ಸೆಪ್ಟೆಂಬರಿನಲ್ಲಿ ಅದೇ ಪೋಪರು ಶ್ರದ್ಧೆ ಮತ್ತು ಬುದ್ಧಿಯ ಕುರಿತು ಹೊರಡಿಸಿದ ಪರಿಪತ್ರದ ಆರಂಭದಲ್ಲಿಯೇ ನಮಗೆ ಪರಿಚಿತವಾದ ಹೆಸರುಗಳಿವೆ. ನಾನು ಯಾರು, ಎಲ್ಲಿಂದ ಬಂದೆ ಎಂಬ ಪ್ರಶ್ನೆ ವೇದಗಳಲ್ಲಿಯೂ ತೀರ್ಥಂಕರರ, ಬುದ್ಧನ ಬೋಧನೆಯಲ್ಲಿಯೂ ಇದೆಯೆಂದು ಅವರು ಬರೆದರು. ಮುಂದೆ ಭಾರತದ ಕ್ರೈಸ್ತರು ಈ ನೆಲದ ಚಿಂತನೆಯಿಂದ ತಮ್ಮ ಶ್ರದ್ಧೆಗೆ ಹೊಂದುವುದನ್ನು ಪಡೆಯಬೇಕೆಂದೂ ಹೇಳಿದರು. ಬೆಂಗಳೂರಿನ ಧರ್ಮಾರಾಮ್ ಸಂಸ್ಥೆಯವರು ಈ ಕೆಲಸವನ್ನು ಅದಕ್ಕೂ ಮೊದಲೇ ಹಿಡಿದಿದ್ದರು. 1975ರಿಂದಲೇ ಅಲ್ಲಿಂದ ಧರ್ಮಗಳ ತೌಲನಿಕ ಅಧ್ಯಯನದ ಪತ್ರಿಕೆಯೊಂದು ಬರುತ್ತಿದೆ. ಅಲ್ಲಿಯ ವಿದ್ಯಾರ್ಥಿ ಅಕ್ವೈನಸ್‌ನ ಜೊತೆಗೆ ಕಾಂಟ್‌ನನ್ನೂ ಶಂಕರರನ್ನೂ ಓದುತ್ತಾನೆ.

2025ರ ಮೇ ತಿಂಗಳಲ್ಲಿ ಆಯ್ಕೆಯಾದ ಹೊಸ ಪೋಪರು ಲಿಯೋ ಎಂಬ ಹೆಸರನ್ನೇ ಆರಿಸಿಕೊಂಡರು. ಹದಿಮೂರನೆಯ ಲಿಯೋ ಕಾರ್ಖಾನೆಗಳ ಯುಗವನ್ನು ಎದುರಿಸಿದಂತೆ ತಾವು ಯೋಚಿಸುವ ಯಂತ್ರಗಳ ಯುಗವನ್ನು ಎದುರಿಸಬೇಕಾಗಿದೆ ಎಂಬರ್ಥದ ಕಾರಣ ಕೊಟ್ಟರು. ಯೋಚಿಸುವವನೊಬ್ಬ ಇದ್ದೇ ಇರಬೇಕೆಂದು ದೆಕಾರ್ತ್ ನಂಬಿದ್ದ. ಯೋಚನೆಯೆಂಬುದು ಯಾರೂ ಇಲ್ಲದೆಯೂ ನಡೆಯಬಹುದೇ ಎಂದು ಈಗ ಅವನ ಶಿಷ್ಯರೂ ವಿರೋಧಿಗಳೂ ಒಟ್ಟಿಗೇ ಕೇಳುತ್ತಿದ್ದಾರೆ.