‘ಸಣ್ಣ’ ರಕ್ತನಾಳಗಳು

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಬಿ.ಎ. ವಿದ್ಯಾರ್ಥಿಯೊಬ್ಬನು ವೈದ್ಯಶಾಸ್ತ್ರದ ವಿಷಯವನ್ನು ಬರೆಯಹೊರಟಿರುವುದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಬಹುದು. ಆದರೆ ನಮ್ಮ ಮನೆಯಲ್ಲಿ ಇಂಗ್ಲಿಷು ಬಲ್ಲವನು ನಾನೊಬ್ಬನೇ. ಎರಡು ವರ್ಷಗಳ ಹಿಂದೆ ದೊಡ್ಡಪ್ಪನವರ ಎಂಡೋಸ್ಕೋಪಿ ವರದಿಯನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತು. ಅನ್ನನಾಳದಲ್ಲಿ ರಕ್ತನಾಳಗಳು ಉಬ್ಬಿವೆ, ಆದರೆ ಸಣ್ಣವು ಎಂದು ಅದರಲ್ಲಿತ್ತು. “ಸಣ್ಣವಂತೆ, ಭಯವಿಲ್ಲ” ಎಂದುಬಿಟ್ಟೆ. ಆ ಮಾತಿನ ಅರ್ಥ ನನಗೆ ತಿಳಿದದ್ದು ತಡವಾಗಿ.

ಉಂಡ ಅನ್ನದ ಸಾರವನ್ನು ಹೊತ್ತ ರಕ್ತವು ಕರುಳಿನಿಂದ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಮೊದಲು ಒಂದು ದೊಡ್ಡ ನಾಳದ ಮೂಲಕ ಯಕೃತ್ತಿಗೆ, ಅಂದರೆ ಲಿವರಿಗೆ, ಬರುತ್ತದೆ. ಬಹುಕಾಲದ ಬೇನೆಯಿಂದ ಯಕೃತ್ತು ಗಂಟುಗಂಟಾಗಿ ಗಡುಸಾದರೆ ಆ ರಕ್ತಕ್ಕೆ ದಾರಿ ಸಾಲದು. ಹೂಳು ತುಂಬಿದ ಕಾಲುವೆಯ ನೀರು ಪಕ್ಕದ ಸಣ್ಣ ಕಾಲುವೆಗಳಿಗೆ ನುಗ್ಗುವಂತೆ, ಅದು ಅನ್ನನಾಳ ಮತ್ತು ಜಠರದ ತೆಳುವಾದ ನಾಳಗಳನ್ನು ಹಿಡಿಯುತ್ತದೆ. ಯಕೃತ್ತಿಗೆ ಬರುವ ನಾಳಕ್ಕೂ ಅಲ್ಲಿಂದ ಹೊರಡುವ ನಾಳಕ್ಕೂ ಇರುವ ಒತ್ತಡದ ಅಂತರ ಆರೋಗ್ಯವಂತರಲ್ಲಿ ಪಾದರಸದ 5 ಮಿಲಿಮೀಟರನ್ನು ಮೀರದು. 10 ಮುಟ್ಟಿದರೆ ನಾಳಗಳು ಉಬ್ಬುವ ಸಂಭವ; 12ಕ್ಕೆ ಏರಿದರೆ ಒಡೆಯುವ ಸಂಭವ.

ಯಕೃತ್ತು ಕೆಟ್ಟಿತೆಂದೊಡನೆ ಕುಡುಕನೆಂದು ತೀರ್ಮಾನಿಸುವುದು ನಮ್ಮ ಜನರ ರೂಢಿ. ದೊಡ್ಡಪ್ಪನವರು ಒಂದು ದಿನವೂ ಕುಡಿದವರಲ್ಲ. ಅವರದು ಹೆಪಟೈಟಿಸ್ ಬಿ.

ಉಬ್ಬಿದ ನಾಳಗಳು ನೋಯುವುದಿಲ್ಲ. ಬಾಯಿಯ ಮೂಲಕ ಎಂಡೋಸ್ಕೋಪಿನ ಕೊಳವೆಯಿಳಿಸಿ ಕಣ್ಣಾರೆ ನೋಡಬೇಕು. 5 ಮಿಲಿಮೀಟರಿಗಿಂತ ಕಿರಿದಾದವು ‘ಸಣ್ಣವು’. ಎಲ್ಲರಿಗೂ ಈ ಕೊಳವೆ ಬೇಕಿಲ್ಲ: ರೋಗ ಇನ್ನೂ ಉಲ್ಬಣಿಸದವರಲ್ಲಿ ಫೈಬ್ರೋಸ್ಕ್ಯಾನ್ ಯಂತ್ರವು ತೋರಿಸುವ ಗಡಸುತನ 20 ಕಿಲೋಪ್ಯಾಸ್ಕಲಿಗಿಂತ ಕಡಮೆಯಿದ್ದು, ರಕ್ತದ ಪ್ಲೇಟ್‌ಲೆಟ್ಟುಗಳು 1,50,000ಕ್ಕಿಂತ ಹೆಚ್ಚಿದ್ದರೆ ಸದ್ಯಕ್ಕೆ ಬಿಡಬಹುದೆಂದು 2015ರಲ್ಲಿ ತಜ್ಞರು ಒಪ್ಪಿದರು. ಆದರೆ ಗಾತ್ರವೊಂದೇ ಅಳತೆಯಲ್ಲ. ಸಣ್ಣ ನಾಳದ ಮೇಲೆಯೇ ಕೆಂಪು ಗೆರೆಗಳು ಕಂಡರೆ, ಅಥವಾ ಯಕೃತ್ತು ಬಹಳ ಸೋತಿದ್ದರೆ, ಅದೂ ಒಡೆದೀತು. ದೊಡ್ಡಪ್ಪನವರ ವರದಿಯ ಮುಂದಿನ ಸಾಲಿನಲ್ಲಿ ಕೆಂಪು ಗೆರೆಗಳ ಮಾತಿತ್ತು. ನಾನದನ್ನು ಓದಿದ್ದೆ, ಅರ್ಥವಾಗಿರಲಿಲ್ಲ.

ದೊಡ್ಡ ನಾಳಗಳಿಗೆ ರಬ್ಬರಿನ ಬಳೆ ತೊಡಿಸಿ ಬಿಗಿಯುವುದುಂಟು. ಸಣ್ಣವು ಅದರ ಹಿಡಿತಕ್ಕೆ ಸರಿಯಾಗಿ ಸಿಗವು. ಅವುಗಳಿಗೆ ಮಾತ್ರೆಯೇ ಮದ್ದು. ಹೃದಯದ ಬೇನೆಗಾಗಿ ಹುಟ್ಟಿದ ಪ್ರೊಪ್ರನೊಲಾಲ್ ಈ ರಕ್ತಸ್ರಾವವು ಮರುಕಳಿಸುವುದನ್ನು ತಡೆಯುವುದೆಂದು 1981ರಲ್ಲಿ ಫ್ರಾನ್ಸಿನ ಲೆಬ್ರೆಕ್ ಮತ್ತು ಸಂಗಡಿಗರು ತೋರಿಸಿದರು. ಈಗ ಕಾರ್ವೆಡಿಲಾಲ್ ಹೆಚ್ಚು ಬಳಕೆಯಲ್ಲಿದೆ. ಇವು ಹೃದಯದ ವೇಗವನ್ನು ತಗ್ಗಿಸಿ, ಕರುಳಿನ ಕಡೆಗೆ ಹರಿಯುವ ರಕ್ತವನ್ನು ಕಡಮೆಮಾಡುತ್ತವೆ. ಆಸ್ತಮಾ ಇದ್ದವರಿಗೂ ರಕ್ತದೊತ್ತಡ ತೀರ ಕಡಮೆಯಿರುವವರಿಗೂ ಇವು ಹೊಂದವು. ಮಾತ್ರೆ ಕೊಡದವರಿಗೆ ವರ್ಷಕ್ಕೋ ಎರಡು ವರ್ಷಕ್ಕೋ ಮತ್ತೆ ಎಂಡೋಸ್ಕೋಪಿ ಮಾಡುತ್ತಾರೆ. ಮೂಲರೋಗಕ್ಕೆ ಚಿಕಿತ್ಸೆ ನಡೆಯಲೇಬೇಕು.

ನಮ್ಮ ಮನೆಯಲ್ಲಿ ನಡೆದದ್ದಿಷ್ಟು. ಔಷಧಿ ಅಂಗಡಿಯವನು “ಇದು ಬಿ.ಪಿ. ಮಾತ್ರೆ” ಎಂದನು. ಬಿ.ಪಿ. ನೋಡಿಸಿದರೆ ಸರಿಯಾಗಿಯೇ ಇತ್ತು. “ಇಲ್ಲದ ರೋಗಕ್ಕೆ ಮಾತ್ರೆಯೇಕಪ್ಪಾ?” ಎಂದು ದೊಡ್ಡಪ್ಪ ನನ್ನನ್ನೇ ಕೇಳಿದರು, ನಾನು ಉತ್ತರ ಹೇಳಲಾರದೆ ಸುಮ್ಮನಾದೆ. ಬರೆದುಕೊಟ್ಟ ಡಾಕ್ಟರೂ ಕಾರಣವನ್ನು ಹೇಳಿರಲಿಲ್ಲ. ಹೊರಗೆ ಸಾಲು ಉದ್ದವಿತ್ತು. ಮಾತ್ರೆ ನಿಂತಿತು. ಎಂಟು ತಿಂಗಳಾದ ಮೇಲೆ ಮಲವು ಡಾಂಬರಿನಂತೆ ಕಪ್ಪಗಾಯಿತು. ಉಷ್ಣವೆಂದು ಎರಡು ದಿನ ಮಜ್ಜಿಗೆ ಕುಡಿಸಿದೆವು. ಮೂರನೆಯ ರಾತ್ರಿ ರಕ್ತ ಕಾರಿದರು. ಜಿಲ್ಲಾ ಕೇಂದ್ರಕ್ಕೆ ಒಯ್ದು, ರಕ್ತ ಕೊಡಿಸಿ, ಅಷ್ಟರಲ್ಲಿ ಬೆಳೆದಿದ್ದ ನಾಳಗಳಿಗೆ ಬಳೆ ಹಾಕಿಸಿ ಉಳಿಸಿಕೊಂಡೆವು. ಹೀಗೆ ಸ್ರಾವವಾದವರಲ್ಲಿ ಆರು ಮಂದಿಗೊಬ್ಬರಂತೆ ಆರು ವಾರದೊಳಗೆ ತೀರಿಕೊಳ್ಳುತ್ತಾರೆಂದು ಅಲ್ಲಿಯ ವೈದ್ಯರು ಹೇಳಿದರು.

ಈಗ ಮಾತ್ರೆಯನ್ನು ದೊಡ್ಡಮ್ಮನವರೇ ಎಣಿಸಿ ಕೊಡುತ್ತಾರೆ. ಮುಂದಿನ ಎಂಡೋಸ್ಕೋಪಿ ಪರೀಕ್ಷೆಯ ತಿಂಗಳಲ್ಲಿಯೇ ಬಿದ್ದಿದೆ. ನಾನೂ ಜೊತೆಗೆ ಹೋಗುವವನಿದ್ದೇನೆ.